ಕಳ್ಳಾಟ ಆಡುವ ಹಕ್ಕು

ದೀಪಾವಳಿಯ ರಾತ್ರಿ ಪಟಾಕಿ ಸದ್ದಡಗಿದ ಮೇಲೆ ಹುಳಿಮಾವಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಇಸ್ಪೀಟಿಗೆ ಕೂರುತ್ತಾರೆ. ತ್ರಿಶ್ಶೂರಿನವರೊಬ್ಬರು, ಕಾನ್ಪುರದವರೊಬ್ಬರು, ಮದ್ದೂರು ಕಡೆಯವರೊಬ್ಬರು. ಬನ್ನೇರುಘಟ್ಟ ರಸ್ತೆಯ ಈ ಭಾಗದಲ್ಲಿ ಅದೇನೂ ವಿಶೇಷವಲ್ಲ. ಹೋದ ವರ್ಷ ಮದ್ದೂರಿನವರು ಎಲೆ ಕೆಳಗಿಟ್ಟು "ಸೋತೋದೆ ಬುಡಿ ಸಾ" ಅಂದಾಗ, ಜಯನಗರದಿಂದ ನೆಂಟರ ಮನೆಗೆ ಬಂದಿದ್ದವರೊಬ್ಬರು ಮಾತ್ರ ಗೊಳ್ಳೆಂದು ನಕ್ಕರು. ಉಳಿದವರಿಗೆ ಅದು ಬರೀ ಕನ್ನಡ. ನಕ್ಕವರಿಗೆ ಅದು ಸಿನಿಮಾದ ಕಾಮಿಡಿ ಟ್ರ್ಯಾಕಿನ ಕನ್ನಡ.

ನನಗೆ ಹಾಂಗ್‌ಕಾಂಗ್ ನೆನಪಾಯಿತು. ಅಲ್ಲಿನ ಬೀದಿಯ ಮಾತು ಕ್ಯಾಂಟನೀಸ್. ಆದರೆ 1970ರ ದಶಕ ಶುರುವಾಗುವಾಗ ತೆರೆಯ ಮೇಲೆ ಮ್ಯಾಂಡರಿನ್‌ನದೇ ದರ್ಬಾರು. 1972ರ ಹೊತ್ತಿಗೆ ಕ್ಯಾಂಟನೀಸ್ ಚಿತ್ರಗಳು ಹೆಚ್ಚೂಕಡಿಮೆ ನಿಂತೇ ಹೋಗಿದ್ದವು. ಮರುವರ್ಷ ಒಂದೇ ವಠಾರದ ಬಾಡಿಗೆದಾರರ ಗೋಳು-ಗದ್ದಲದ 'ದ ಹೌಸ್ ಆಫ್ 72 ಟೆನೆಂಟ್ಸ್' ಬಂತು. 1974ರಲ್ಲಿ ಮೈಕಲ್ ಹುಯಿ 'ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ' ತೆಗೆದ. ಜೂಜಿನಲ್ಲಿ ಟೋಪಿ ಹಾಕಿ ಬದುಕುವ ಇಬ್ಬರು ಚಿಲ್ಲರೆ ಆಸಾಮಿಗಳ ಕಥೆ; ಒಬ್ಬ ತಾನೇ, ಇನ್ನೊಬ್ಬ ತಮ್ಮ ಸ್ಯಾಮ್. ಹಾಡೂ ಬೀದಿಯ ಮಾತಿನದೇ. ಆ ವರ್ಷ ಹಾಂಗ್‌ಕಾಂಗಿನಲ್ಲಿ ಅತಿ ಹೆಚ್ಚು ದುಡ್ಡು ಬಾಚಿದ್ದು ಅದೇ. ತಮ್ಮ ಭಾಷೆಯವರನ್ನು ಸಾಧುಸಂತರಂತೆ ತೋರಿಸಲಿ ಎಂದು ಜನ ಕಾದಿರಲಿಲ್ಲ. ತಮ್ಮಂಥದೇ ಕಿಲಾಡಿಗಳು ತಮ್ಮದೇ ಮಾತಿನಲ್ಲಿ ಮೋಸ ಮಾಡುವುದನ್ನು ನೋಡಲು ಟಿಕೆಟ್ ಕೊಂಡರು.

ನಮ್ಮಲ್ಲಿ ಪ್ರಾತಿನಿಧ್ಯ ಅಂದರೆ ಹಾಜರಿ ಪುಸ್ತಕ. ಮಲಯಾಳಿ ನರ್ಸ್ ಇದ್ದಾಳೆ, ಗಿರವಿ ಅಂಗಡಿಯ ಸೇಠು ಇದ್ದಾನೆ, ಹುಬ್ಬಳ್ಳಿ ಮಾತಿನ ಗೆಳೆಯ ಇದ್ದಾನೆ. ಎಲ್ಲರೂ ಹಾಜರ್, ಎಲ್ಲರೂ ಹೀರೋ ಹೊಡೆಯುವ ಡೈಲಾಗಿಗೆ ಗುರಿ. ಅವರಿಗೊಂದು ಸ್ವಂತ ಕುತಂತ್ರವೂ ಇರುವುದಿಲ್ಲ.

'ತಿಥಿ' ಬಂದಾಗ ಹಾಗಾಗಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು, ಮರುವರ್ಷ ನಮ್ಮ ಟಾಕೀಸುಗಳಿಗೆ ಬಂದ ರಾಮ್ ರೆಡ್ಡಿಯವರ ಚಿತ್ರ. ಜೊತೆಗೂಡಿ ಬರೆದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರೇ; ನಟರೂ ಹಳ್ಳಿಗರೇ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೇ ದಿನದ ತಿಥಿಯೊಳಗೆ ಮಗ, ಮೊಮ್ಮಗ, ಮರಿಮಗ ತಲೆಗೊಂದು ದಾರಿ ಹಿಡಿಯುತ್ತಾರೆ. ಮೊಮ್ಮಗ ತಮ್ಮಣ್ಣ ಅಪ್ಪ ಬದುಕಿರುವಾಗಲೇ ಸತ್ತನೆಂದು ಕಾಗದ ಮಾಡಿಸಿ ಜಮೀನು ಮಾರಲು ಓಡಾಡುತ್ತಾನೆ. ಮರಿಮಗ ಅಭಿಗೆ ಇಸ್ಪೀಟು, ಕುರಿ ಕದಿಯುವುದು, ಕುರಿಗಾಹಿ ಹುಡುಗಿಯ ಬೆನ್ನು ಬೀಳುವುದು. ಒಬ್ಬನೂ ಯೋಗ್ಯನಲ್ಲ. ಆದರೂ ಮಂಡ್ಯದವರಿಗೆ ಅವಮಾನವಾಯಿತೆಂದು ನನ್ನ ಕಿವಿಗೆ ಯಾರೂ ದೂರು ಹಾಕಲಿಲ್ಲ. ಇಡೀ ಚಿತ್ರ ಅದೇ ಮಾತಿನಲ್ಲಿರುವಾಗ, ಮಾತನ್ನು ನೋಡಿ ನಗಲು ಹೊರಗಿನಿಂದ ಬಂದ 'ಶುದ್ಧ' ಕನ್ನಡದವನೇ ಅಲ್ಲಿಲ್ಲ. ನಗು ಬರುವುದು ಮಾತಾಡುವವರ ಆಸೆಬುರುಕತನ ಕಂಡು. ಮದ್ದೂರಿನವರು ಆ ರಾತ್ರಿ ಜಯನಗರದವರಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: "ನಗ್ಸಕ್ಕಲ್ಲ ಸಾ, ನಾವ್ ಮಾತಾಡದೇ ಹಂಗೆ."

'ತಿಥಿ'ಯ ಮೇಲೂ ನನಗೊಂದು ತಕರಾರಿದೆ. ಇಸ್ಪೀಟಿನ ಸುತ್ತು ಅಲ್ಲಿಯೂ ಗಂಡಸರದೇ. ನಮ್ಮ ಸಿನಿಮಾದಲ್ಲಿ ಜೂಜು ಬಂದರೆ ಹೆಂಗಸಿಗಿರುವುದು ಒಂದೇ ಕೆಲಸ, ತಾಳಿ ಅಡವಿಟ್ಟು ಅಳುವುದು. ಸಾಲ ಕೊಡುವ ಗಟ್ಟಿಗಿತ್ತಿ ಕಮಲಕ್ಕನನ್ನಾದರೂ 'ತಿಥಿ' ತೋರಿಸಿತು, ಅಷ್ಟರ ಮಟ್ಟಿಗೆ ವಾಸಿ. ಆದರೆ ಎಲೆ ಅವಳ ಕೈಗೆ ಬರಲಿಲ್ಲ.

ಎಲೆ ಹೆಂಗಸಿನ ಕೈಗೆ ಬಂದರೆ ಏನಾಗುತ್ತದೆಂದು ನಮ್ಮ ಸೋದರತ್ತೆಯ ಎದುರು ರಮ್ಮಿಗೆ ಕೂತವರಿಗೆ ಗೊತ್ತು. ಮಧ್ಯಾಹ್ನದ ಊಟವಾದ ಮೇಲೆ ಚಾಪೆ ಹಾಸಿ, ಹುಣಸೆಬೀಜ ಪಣಕ್ಕಿಟ್ಟು ಆಡುತ್ತಿದ್ದರು. ಜೋಕರ್ ಅವರ ಮಂಡಿಯಡಿ ಇರುತ್ತಿತ್ತು, ಸೀರೆಯ ನೆರಿಗೆ ಮೇಲೆ. ಒಮ್ಮೆ ನಾನು ಎಳೆದು ತೋರಿಸಿದೆ. ಅತ್ತೆ ಬೆಚ್ಚಲಿಲ್ಲ. "ಬಿದ್ದಿತ್ತು ಕಣೋ, ಕಳೆದುಹೋಗಬಾರದು ಅಂತ ಎತ್ತಿಟ್ಟಿದ್ದೆ. ಹಾಕು, ನಿಂದೇ ಆಟ."