ಐಸ್ ಬಾಕ್ಸ್ ಎಂದರೆ ಫ್ರಿಜ್ ಅಲ್ಲ

ರಜೆ ಬಂದರೆ, ಹಬ್ಬ ಮುಗಿದರೆ ನಮ್ಮ ಕುಟುಂಬಗಳು ಕಡಲ ತೀರಕ್ಕೋ ಜಲಪಾತಕ್ಕೋ ಹೊರಡುತ್ತವೆ. ಹೊರಗಿನ ಊಟ ಬೇಡ, ಮನೆಯದೇ ಶುಚಿ ಎಂದು ಎಲ್ಲವನ್ನೂ ಮಾಡಿ ಕಟ್ಟಿಕೊಳ್ಳುತ್ತೇವೆ. ಒಳ್ಳೆಯ ಅಭ್ಯಾಸವೇ. ಆದರೆ ಮನೆಯಲ್ಲಿ ಶುಚಿಯಾಗಿದ್ದ ಊಟ ಮಧ್ಯಾಹ್ನದ ತನಕ ಹಾಗೆಯೇ ಉಳಿದಿರುತ್ತದೆಯೇ? ಐಸ್ ಬಾಕ್ಸ್ ಇದೆಯಲ್ಲ ಎಂಬ ಧೈರ್ಯದಲ್ಲಿ ನಾವು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಮೂರು ವರ್ಷಗಳ ಹಿಂದೆ ಈದ್‌ನ ಮರುದಿನ ಶಿವಮೊಗ್ಗದಿಂದ ಮುರುಡೇಶ್ವರಕ್ಕೆ ಹೋಗಿದ್ದೆವು. ಹಿಂದಿನ ರಾತ್ರಿ ಮಾಡಿದ ಫಿರ್ನಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಬೆಳಗಿನವರೆಗೆ ಇತ್ತು, ಫ್ರಿಜ್‌ನಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಅದನ್ನು ಐಸ್ ಬಾಕ್ಸ್‌ಗೆ ಹಾಕಿ, ಪಕ್ಕದಲ್ಲಿ ಹತ್ತಾರು ನೀರಿನ ಬಾಟಲಿ ತುಂಬಿ, ಮೇಲೆ ಎರಡು ಪ್ಯಾಕೆಟ್ ಐಸ್ ಸುರಿದೆವು. ದಾರಿಯುದ್ದಕ್ಕೂ ಮಕ್ಕಳು ನೀರಿಗಾಗಿ ಅದರ ಮುಚ್ಚಳ ತೆಗೆಯುತ್ತಲೇ ಇದ್ದರು. ಮಧ್ಯಾಹ್ನ ನೋಡಿದರೆ ಐಸ್ ಪೂರ್ತಿ ನೀರಾಗಿತ್ತು. "ಇದು ಬೇಡ ಕಣೋ" ಎಂದರು ಆಪಾ. ನಾನು ಮೂಸಿ ನೋಡಿದೆ. ಏಲಕ್ಕಿಯ ಪರಿಮಳವಷ್ಟೇ ಬಂತು. "ಏನೂ ಆಗಿಲ್ಲ ಆಪಾ, ಸುಮ್ಮನೆ ಯಾಕೆ ಚೆಲ್ಲುವುದು?" ಎಂದೆ.

ಘಟ್ಟ ಹತ್ತುವಾಗಲೇ ಆಪಾ ಅವರ ಆರು ವರ್ಷದ ಮಗನಿಗೆ ವಾಂತಿ ಶುರುವಾಯಿತು. ರಾತ್ರಿ ಆಸ್ಪತ್ರೆಯಲ್ಲಿ ಅವನ ಪುಟ್ಟ ಕೈಗೆ ಡ್ರಿಪ್ ಹಾಕುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಫಿರ್ನಿ ತಿಂದವರು ಮಾತ್ರ ಮಲಗಿದ್ದರು, ಮುಟ್ಟದವರಿಗೆ ಏನೂ ಆಗಿರಲಿಲ್ಲ. ಹುಡುಗ ಚೇತರಿಸಿಕೊಂಡ. ಆದರೆ ಊರಿಗೆಲ್ಲ ಪಥ್ಯ ಹೇಳುವ ಹಕೀಮನ ಮಾತು ನಂಬಿ ಅವನು ಅದನ್ನು ತಿಂದಿದ್ದ ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ನಮ್ಮ ಯುನಾನಿ ವೈದ್ಯದಲ್ಲಿ ಕೊಳೆಯುವುದಕ್ಕೆ 'ಉಫೂನತ್' ಎನ್ನುತ್ತಾರೆ. ಬಿಸಿ ಮತ್ತು ತೇವ ಸೇರಿದಲ್ಲಿ ಅದು ಹುಟ್ಟುತ್ತದೆ ಎಂದು ಹಿಂದಿನ ಹಕೀಮರು ಹೇಳಿದರು. ಇಂದಿನ ವಿಜ್ಞಾನ ಅದಕ್ಕೆ ಅಂಕೆ ಕೊಟ್ಟಿದೆ: 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೆಳೆಯುತ್ತವೆ. ಬೇಯಿಸಿದ ಆಹಾರ ಈ ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಕಡು ಬೇಸಿಗೆಯಲ್ಲಿ ಒಂದೇ ಗಂಟೆ. ಅನ್ನ ಮತ್ತು ಅಕ್ಕಿಯ ಪದಾರ್ಥಗಳಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಸನೆಯಲ್ಲಿ, ರುಚಿಯಲ್ಲಿ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಮೂಸಿ ನೋಡುವುದು ಪರೀಕ್ಷೆಯಲ್ಲ.

ಐಸ್ ಬಾಕ್ಸ್ ತಂಪನ್ನು ಹುಟ್ಟಿಸುವುದಿಲ್ಲ, ಇದ್ದ ತಂಪನ್ನು ಕಾಯುತ್ತದೆ ಅಷ್ಟೇ. 30 ಡಿಗ್ರಿಯಲ್ಲಿರುವ ಮೂರು ಲೀಟರ್ ನೀರು ಫ್ರಿಜ್‌ನಷ್ಟು ತಣ್ಣಗಾಗಬೇಕಾದರೆ ಸುಮಾರು ಒಂದು ಕಿಲೋ ಐಸ್ ಕರಗಬೇಕು. ಅಂದರೆ ನಾವು ಹಾಕಿದ ಐಸೆಲ್ಲ ಬಾಟಲಿ ತಣಿಸುವುದಕ್ಕೇ ಖರ್ಚಾಗಿತ್ತು. ಫಿರ್ನಿಗೆ ಏನೂ ಉಳಿದಿರಲಿಲ್ಲ.

ಹೀಗೆ ಮಾಡಿ. ಒಳಗೆ ಇಡುವುದನ್ನೆಲ್ಲ ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿ ತಣಿಸಿ. ಖಾಲಿ ಬಾಕ್ಸ್‌ನಲ್ಲೂ ರಾತ್ರಿ ಒಂದು ಐಸ್ ಬಾಟಲಿ ಇಟ್ಟು ಮುಚ್ಚಿ. ಪುಡಿ ಐಸ್‌ಗಿಂತ ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ. ಲೀಟರ್ ಬಾಟಲಿಗಳಲ್ಲಿ ಕುಡಿಯುವ ನೀರನ್ನೇ ಗಟ್ಟಿಯಾಗಿಸಿ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಕತ್ತಿನ ಬಳಿ ಜಾಗ ಬಿಡಿ. ಕರಗಿದ ಮೇಲೆ ಅದೇ ಕುಡಿಯುವ ನೀರಾಗುತ್ತದೆ. ಮೀನಿಗೆ ಹಾಕುವ ಐಸ್ ತಂದು ಆಹಾರದ ಜೊತೆ ಇಡಬೇಡಿ, ಅದು ಕುಡಿಯುವ ನೀರಿನದ್ದಲ್ಲ.

ತಂಪು ಗಾಳಿ ಕೆಳಗಿಳಿಯುತ್ತದೆ, ಆದ್ದರಿಂದ ಐಸ್ ಅಡಿಯಲ್ಲಿ ಮಾತ್ರವಲ್ಲ, ಮೇಲೂ ಇರಲಿ. ಖಾಲಿ ಜಾಗಕ್ಕೆ ಟವೆಲ್ ತುರುಕಿ. ಬಾಕ್ಸನ್ನು ಬಿಸಿಲಿಗೆ ಕಾಯುವ ಡಿಕ್ಕಿಯಲ್ಲಿ ಇಡದೆ ಸೀಟಿನ ಬಳಿ ಇಡಿ. ಇಳಿದ ಮೇಲೆ ನೆರಳಿನಲ್ಲಿ. ಎಲ್ಲಕ್ಕಿಂತ ಮುಖ್ಯ, ಬಾಕ್ಸ್ ಎರಡಿರಲಿ: ಮಕ್ಕಳು ಪದೇ ಪದೇ ತೆಗೆಯುವ ನೀರಿನದು ಒಂದು, ಊಟದ ಹೊತ್ತಿಗಷ್ಟೇ ತೆಗೆಯುವ ಆಹಾರದ್ದು ಇನ್ನೊಂದು. ಅಲ್ಲೇ ಸುಡಲು ಮಸಾಲೆ ಹಚ್ಚಿದ ಹಸಿ ಮಾಂಸ ಒಯ್ಯುವುದಾದರೆ ಸೋರದ ಡಬ್ಬಿಯಲ್ಲಿ ಬಿಗಿದು ಎಲ್ಲದರ ತಳದಲ್ಲಿಡಿ. ಬಿಸಿ ಬಿರಿಯಾನಿಯನ್ನು ಐಸ್ ಬಾಕ್ಸ್‌ಗೆ ಹಾಕಬೇಡಿ. ಹಾಟ್ ಬಾಕ್ಸ್‌ಗೆ ಹಬೆಯಾಡುವಾಗಲೇ ತುಂಬಿ, ಬಿಸಿ ಇರುವಾಗಲೇ ತಿಂದು ಮುಗಿಸಿ.

ಮನೆಯ ಹಿರಿಯರು ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದನ್ನು ಐಸ್‌ಗೆ ತಾಗಿಸಿ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಟ್ಟೆಯಲ್ಲಿ ಸುತ್ತಿ ಐಸ್‌ನಿಂದ ದೂರವಿಡಿ.

ಇಷ್ಟಾದರೂ ಬಾಟಲಿಗಳಲ್ಲಿ ಗಟ್ಟಿ ಐಸ್ ಉಳಿದಿಲ್ಲ, ಆಹಾರ ಫ್ರಿಜ್‌ನಿಂದ ಆಗಷ್ಟೇ ತೆಗೆದಂತೆ ತಣ್ಣಗಿಲ್ಲ ಎಂದಾದರೆ ಮಾಂಸ, ಮೊಟ್ಟೆ, ಹಾಲು, ಅನ್ನದ ಪದಾರ್ಥ ತಿನ್ನಬೇಡಿ. ಚಿಕ್ಕ ಮಕ್ಕಳು, ಗರ್ಭಿಣಿಯರು, ವಯಸ್ಸಾದವರಿಗಂತೂ ಕೊಡಲೇಬೇಡಿ. ಅಕಸ್ಮಾತ್ ವಾಂತಿ ಭೇದಿ ಶುರುವಾದರೆ ಮೊದಲ ಔಷಧಿ ಓಆರ್‌ಎಸ್, ಗುಟುಕು ಗುಟುಕಾಗಿ. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ ಹೋಗಿ. ಅರ್ಕ್-ಎ-ಪುದೀನಾ ಕೊಟ್ಟು ಬೆಳಗಾಗುವುದನ್ನು ಕಾಯಬೇಡಿ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಅನ್ನ ಚೆಲ್ಲಬಾರದು ಎಂದು ಬೆಳೆದವರು ನಾವು. ಇಸ್ರಾಫ್‌ನ ಭಯ ನಮ್ಮ ತಾಯಂದಿರ ಕೈಯನ್ನು ತಡೆಯುತ್ತದೆ, ಆ ದಿನ ನನ್ನ ಬಾಯಲ್ಲೂ ಅದೇ ಮಾತಾಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ಕೆಟ್ಟ ಫಿರ್ನಿ ಚೆಲ್ಲುವಾಗ ದುಂದು ಆಗುವುದಿಲ್ಲ. ಹದಿನೈದು ಜನರ ಪ್ರವಾಸಕ್ಕೆ ಮೂವತ್ತು ಜನರ ಅಡುಗೆ ಮಾಡಿದಾಗಲೇ ಅದು ಆಗಿರುತ್ತದೆ. ಕಡಿಮೆ ಮಾಡಿ. ತಂಪು ಬೇಡದ್ದನ್ನು ಹೆಚ್ಚು ಒಯ್ಯಿರಿ: ಖರ್ಜೂರ, ಬಾಳೆಹಣ್ಣು, ಕಿತ್ತಳೆ, ಹುರಿಗಡಲೆ, ಒಣ ರೊಟ್ಟಿ, ಚಟ್ನಿಪುಡಿ. ಸಿಹಿ ಬೇಕೆಂದರೆ ಫಿರ್ನಿಯನ್ನು ಮನೆಗೆ ಮರಳಿದ ಮೇಲೆ ಮಾಡಿ ತಿನ್ನೋಣ.

ಆಪಾ ಅವರ ಮಗನಿಗೆ ಈಗ ಒಂಬತ್ತು. ಹೊರಡುವ ಮೊದಲು ಐಸ್ ಬಾಟಲಿಗಳನ್ನು ಎಣಿಸುವ ಕೆಲಸ ಅವನದೇ.