ಬಾನೆಟ್ ಒಳಗಿನ ಕೊಳೆಗೆ ಪೈಪಿನ ನೀರು ಬೇಡ

ಮಹಾನವಮಿ ಬಂತೆಂದರೆ ನಮ್ಮ ಕೆರೂರಿನಲ್ಲಿ ಮನೆ ಮನೆಯ ಮುಂದೆ ವಾಹನ ತೊಳೆಯುವ ಸಡಗರ. ಟ್ರ್ಯಾಕ್ಟರು, ಬೈಕು, ಕಾರು... ಕೊನೆಗೆ ನಮ್ಮ ಹೊಲಿಗೆ ಯಂತ್ರ, ಮಿಕ್ಸಿಗೂ ಅಂದು ಕುಂಕುಮದ ಬೊಟ್ಟು. ಕೆಲವು ವರ್ಷಗಳ ಹಿಂದೆ ಮನೆಯ ಆಲ್ಟೊ ಕಾರು ತೊಳೆಯುವ ಸರದಿ ನನ್ನದಾಗಿತ್ತು. ಹೊರಮೈ ತೊಳೆದು ಮುಗಿದರೂ ಹುಮ್ಮಸ್ಸು ಇಳಿದಿರಲಿಲ್ಲ. ಬಾನೆಟ್ ಎತ್ತಿ ನೋಡುತ್ತೇನೆ, ಅಬ್ಬಾ! ವರ್ಷಪೂರ್ತಿ ಕೂತ ಎರಿ ಮಣ್ಣಿನ ಧೂಳು ಎಣ್ಣೆಯ ಜೊತೆ ಕಲೆತು, ಒಲೆಕಟ್ಟೆಯ ಹಿಂದಿನ ಗೋಡೆಯ ಜಿಡ್ಡಿನ ಹಾಗೆ ಮೆತ್ತಿಕೊಂಡಿತ್ತು. ಹಿಂದೆ ಮುಂದೆ ನೋಡದೆ ಪೈಪ್ ತಿರುಗಿಸಿಯೇ ಬಿಟ್ಟೆ. ಐದು ನಿಮಿಷದಲ್ಲಿ ಎಂಜಿನ್ ಫಳಫಳ! ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟಾಯಿತು. ಕೀಲಿ ತಿರುಗಿಸಿದರೆ ಕಾರು ಒಮ್ಮೆ ಕೆಮ್ಮಿತು, ನಡುಗಿತು, ನಿಂತೇ ಹೋಯಿತು. ಆ ನಿಂಬೆಹಣ್ಣು ಒಡೆಯಲೇ ಇಲ್ಲ.

ಮರುದಿನ ಬಂದ ಮೆಕ್ಯಾನಿಕ್ ನಗುತ್ತಲೇ ಕೇಳಿದ, "ಎಂಜಿನ್ನಿಗೆ ಯಾರಾದ್ರೂ ಜಳಕಾ ಮಾಡಸ್ತಾರೇನ್ರಿ ಅಕ್ಕಾರ?" ಪ್ಲಗ್ ಕೂರುವ ಕುಳಿಗಳಲ್ಲಿ ನೀರು ನಿಂತಿತ್ತು. ಅಲ್ಲಿ ಕಿಡಿ ಹಾರದಿದ್ದರೆ ಪೆಟ್ರೋಲ್ ಉರಿಯುವುದಾದರೂ ಹೇಗೆ? ಗಾಳಿ ಹೊಡೆದು ಒಣಗಿಸಿದ ಮೇಲೆ ಕಾರೇನೋ ಹೊರಟಿತು. ನೀರು ಆಲ್ಟರ್ನೇಟರಿಗೋ ಫ್ಯೂಸ್ ಪೆಟ್ಟಿಗೆಗೋ ಕಂಪ್ಯೂಟರಿನ ಜೋಡಣೆಗೋ ಇಳಿದಿದ್ದರೆ ಬಿಲ್ಲು ಸಾವಿರಗಳಲ್ಲಿ ಬರುತ್ತಿತ್ತು.

ಆದರೆ ಇಂದಿಗೂ ನೆನೆದರೆ ಎದೆ ಝಲ್ಲೆನ್ನುವುದು ನನ್ನ ಪೆದ್ದುತನಕ್ಕಲ್ಲ, ಆ ದಿನ ಮೈದುನ ಕೊಟ್ಟ ಸಲಹೆಗೆ. "ವೈನಿ, ನೀರ್ಯಾಕ ಹಾಕಿದ್ರಿ? ಒಂದೀಟ ಡೀಸೆಲ್ ಹಚ್ಚಿ ಒರಿಸಿದ್ರ ಮುಗೀತಿತ್ತು." ಹಳ್ಳಿಗಳಲ್ಲಿ ಎಷ್ಟೋ ಜನ ಮಾಡುವುದು ಇದನ್ನೇ. ಹಿಂದೆ ಸೀಮೆಎಣ್ಣೆ ಇತ್ತು, ಈಗ ಡೀಸೆಲ್, ಕೆಲವರು ಪೆಟ್ರೋಲನ್ನೇ ಬಳಸುತ್ತಾರೆ. ಹಾಗೆ ಒರೆಸಿ ಅರ್ಧ ಗಂಟೆಯಲ್ಲಿ ಏನು ಮಾಡುತ್ತೇವೆ ಹೇಳಿ? ಅದೇ ಬಾನೆಟ್ ಮುಂದೆ ಊದುಬತ್ತಿ ಸಿಕ್ಕಿಸಿ, ಕರ್ಪೂರ ಹಚ್ಚಿ ಆರತಿ ಎತ್ತುತ್ತೇವೆ! ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಡೀಸೆಲ್, ಸೀಮೆಎಣ್ಣೆ ಅಷ್ಟು ಬೇಗ ಹೊತ್ತಿಕೊಳ್ಳದಿರಬಹುದು, ಆದರೆ ಧೂಳಿಗೆ, ಅರಿವೆಯ ಎಳೆಗೆ ಇಂಗಿದಾಗ ಅದು ದೀಪದ ಬತ್ತಿಯಂತೆಯೇ. ಸಾಲದ್ದಕ್ಕೆ ರಬ್ಬರ್ ಪೈಪುಗಳನ್ನೂ ಮೆತ್ತಗೆ ಮಾಡಿ ಕೆಡಿಸುತ್ತದೆ. ಪೂಜೆ ಬೇಡವೆನ್ನುತ್ತಿಲ್ಲ, ಬಾನೆಟ್ ಮುಚ್ಚಿ, ನಾಲ್ಕು ಹೆಜ್ಜೆ ದೂರ ನಿಂತು ಆರತಿ ಮಾಡಿ.

ಹಾಗಾದರೆ ಒಳಗಿನ ಕೊಳೆಗೆ ಕೈ ಹಚ್ಚುವುದೇ ಬೇಡವೇ? ಬೇಕು. ಹೊಳಪಿಗಾಗಿ ಅಲ್ಲ, ಬಾನೆಟ್ ಒಳಗೆ ಇಣುಕುವವರಾದರೂ ಯಾರು! ಆದರೆ ಕೊಳೆ ಮೆತ್ತಿದ ಎಂಜಿನ್ನಿನಲ್ಲಿ ಎಣ್ಣೆ ಎಲ್ಲಿ ಜಿನುಗುತ್ತಿದೆ, ಯಾವ ಪೈಪ್ ಬಿರಿದಿದೆ, ಯಾವ ವೈರನ್ನು ಇಲಿ ಕಡಿದಿದೆ ಎಂಬುದು ಕಾಣುವುದೇ ಇಲ್ಲ. ಹುಬ್ಬಳ್ಳಿ ರಸ್ತೆಯ ನಡುವೆ ಕಾರು ಕೈಕೊಟ್ಟಾಗಲೇ ತಿಳಿಯುವುದು. "ಅದು ನಿನ್ನ ಕೆಲಸ ಅಲ್ಲ" ಎನ್ನುವ ಯಜಮಾನರಿಗೆ ಹೇಳಿ, ಗ್ರೈಂಡರಿನ ಮೂಲೆ ಮೂಲೆಯ ಜಿಡ್ಡು ತೆಗೆಯುವ ಕೈಗೆ ಇದೇನು ದೊಡ್ಡದಲ್ಲ ಅಂತ.

ರಾತ್ರಿಯೆಲ್ಲ ನಿಂತ ಕಾರನ್ನು ಬೆಳಗಿನ ತಂಪಿನಲ್ಲಿ ನೆರಳಿಗೆ ತನ್ನಿ. ಓಡಿಸಿ ತಂದಿದ್ದರೆ ಎಂಜಿನ್ ಕೈಗೆ ತಣ್ಣಗೆ ಹತ್ತುವವರೆಗೆ ಕಾಯಿರಿ. ರೇಡಿಯೇಟರ್ ಮುಚ್ಚಳ ಬಿಸಿಯಿದ್ದಾಗ ತೆರೆದರೆ ಒಳಗೆ ಒತ್ತಡದಲ್ಲಿ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ತಣ್ಣಗಿದ್ದರೂ ನಮ್ಮ ಕೆಲಸಕ್ಕೆ ಯಾವ ಮುಚ್ಚಳವನ್ನೂ ತೆರೆಯಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಮನೆಯೊಳಗೆ ಇಟ್ಟು ಬನ್ನಿ. ಬಾನೆಟ್ಟಿನ ಊರುಗೋಲು ಗಟ್ಟಿಯಾಗಿ ಕೂತಿದೆಯೇ ನೋಡಿ. ನಮ್ಮ ಕಡೆಯ ಆಷಾಢದ ಗಾಳಿಗೆ ಅದು ತಲೆಯ ಮೇಲೆ ಬಿದ್ದರೆ ಸುಮ್ಮನೆ ಅಲ್ಲ.

ಇನ್ನು ನಮ್ಮ ಉಡುಗೆ. ಕಾರಿನ ಜೊತೆ ಬರುವ ಪುಸ್ತಕ ನಮ್ಮನ್ನು ನೆನೆದು ಬರೆದಿದ್ದಲ್ಲವಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಜಡೆಯನ್ನು ತುರುಬು ಕಟ್ಟಿ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗುತ್ತದೆ. ಮಂಗಳಸೂತ್ರವನ್ನು ರವಿಕೆಯೊಳಗೆ ಸೇರಿಸಿ. ಚಿನ್ನದ ಬಳೆ, ಉಂಗುರ, ಗಡಿಯಾರ ಬಿಚ್ಚಿಡಿ. ಬ್ಯಾಟರಿ 12 ವೋಲ್ಟ್ ತಾನೇ, ಶಾಕ್ ಹೊಡೆಯೋದಿಲ್ಲ ಅನ್ನುವವರಿದ್ದಾರೆ. ಶಾಕ್ ಹೊಡೆಯದು, ನಿಜ. ಆದರೆ ಬಳೆ ಒಂದು ಕಡೆ ಬ್ಯಾಟರಿಯ ಪ್ಲಸ್ ತುದಿಗೆ, ಇನ್ನೊಂದು ಕಡೆ ಕಾರಿನ ಕಬ್ಬಿಣಕ್ಕೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾದು ಮಣಿಕಟ್ಟನ್ನು ಸುಟ್ಟುಬಿಡುತ್ತದೆ. ಬರಿಗೈಯಲ್ಲಿ ಇರಬಾರದೆಂದು ಅತ್ತೆಯವರು ಗೊಣಗಿದರೆ ಗಾಜಿನ ಬಳೆ ಇರಲಿ ಬಿಡಿ, ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ!

ಮೊದಲು ಬ್ಯಾಟರಿಯ ಮೈನಸ್ ತುದಿ, ಸಾಮಾನ್ಯವಾಗಿ ಕಪ್ಪು ವೈರು, ಅದನ್ನು ಸಡಿಲಿಸಿ ಪಕ್ಕಕ್ಕಿಡಿ. ಕೆಲಸ ಮುಗಿದ ಮೇಲೆ ಕೊನೆಗೆ ಜೋಡಿಸುವುದೂ ಅದನ್ನೇ. ಪಾನಾ ಹಿಡಿದು ಅಭ್ಯಾಸವಿಲ್ಲದಿದ್ದರೆ ಇದೊಂದನ್ನು ಮನೆಯವರಿಂದ ಮಾಡಿಸಿ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಬುರುಬುರು ನೊರೆ ಬಂದು ನಿಲ್ಲುತ್ತದೆ. ಆ ನೀರು ಬ್ಯಾಟರಿಯೊಳಗೆ ಇಳಿಯಬಾರದು, ಪುಡಿ ಕಣ್ಣಿಗೆ ಸಿಡಿಯಬಾರದು. ಕೈಗೆ ರಬ್ಬರ್ ಗವುಸು ಇರಲಿ. ಒಣಗಿಸಿ ಮತ್ತೆ ಜೋಡಿಸಿದ ಮೇಲೆ ತುಸು ವ್ಯಾಸಲೀನ್ ಸವರಿದರೆ ಬೇಗ ಪುಡಿ ಕಟ್ಟದು.

ಉಳಿದದ್ದೆಲ್ಲ ಒಣ ಕೆಲಸ. ಎರಡು ಇಂಚಿನ ಪೇಂಟಿನ ಬ್ರಶ್ ತಗೊಂಡು ಮೇಲಿನಿಂದ ಕೆಳಕ್ಕೆ ಧೂಳು ಝಾಡಿಸುತ್ತ ಬನ್ನಿ. ಗಾಜಿನ ಬುಡದಲ್ಲಿ, ವೈಪರ್ ಕೆಳಗೆ ಬೇವಿನ ಎಲೆ ತುಂಬಿರುತ್ತದೆ, ಅದನ್ನು ಕೈಯಿಂದಲೇ ಆರಿಸಿ. ಅಲ್ಲಿಯ ನೀರು ಹೋಗುವ ದಾರಿ ಕಟ್ಟಿದರೆ ಮಳೆಗಾಲದಲ್ಲಿ ನೀರು ಕಾರಿನೊಳಗೆ ಬರುತ್ತದೆ. ಎಣ್ಣೆಮಣ್ಣಿನ ಗಟ್ಟಿ ಹೆಪ್ಪನ್ನು ಹಳೇ ಪೇಪರಿನ ಮೇಲೆ ಕೆರೆದು ಹಾಕಿ. ಆಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಸಾಬೂನಿನ ದ್ರಾವಣ ಹಾಕಿ, ಅರಿವೆಯನ್ನು ಹನಿ ಬೀಳದಷ್ಟು ಹಿಂಡಿ ಒರೆಸಿ. ಇನ್ನೊಂದು ಅರಿವೆಯಿಂದ ಬರೀ ನೀರಿನ ಒರೆಸು, ಮೂರನೆಯದರಿಂದ ಒಣ ಒರೆಸು. ಬೇಸಿಗೆಯಲ್ಲಿ ಕೊಡ ನೀರಿಗೂ ಲೆಕ್ಕ ಇಡುವ ನಮ್ಮೂರಿಗೆ ಈ ಪದ್ಧತಿಯೇ ಸರಿ. ಫ್ಯೂಸ್ ಪೆಟ್ಟಿಗೆ, ಆಲ್ಟರ್ನೇಟರ್, ವೈರಿನ ಜೋಡಣೆ, ಗಾಳಿ ಎಳೆಯುವ ಬಾಯಿ, ಇವುಗಳ ಹತ್ತಿರ ಒದ್ದೆ ಅರಿವೆ ಬೇಡ, ಒಣ ಬ್ರಶ್ ಸಾಕು. ಅಂಗಡಿಯಲ್ಲಿ ಸಿಗುವ ಡಿಗ್ರೀಸರ್ ಬಳಸುವುದಾದರೆ ಅರಿವೆಗೆ ಹಾಕಿಕೊಂಡು ಒರೆಸಿ, ಎಂಜಿನ್ ಮೇಲೆ ಸಿಂಪಡಿಸಬೇಡಿ, ಬೆಲ್ಟಿಗಂತೂ ಸೋಕಿಸಲೇಬೇಡಿ. ಹೊಳಪಿನ ಎಣ್ಣೆಯೂ ಬೇಡ. ಬೆಲ್ಟ್ ಜಾರುತ್ತದೆ, ಉಳಿದ ಕಡೆ ಇನ್ನಷ್ಟು ಧೂಳು ಅಂಟುತ್ತದೆ.

ಸುಗ್ಗಿ ಮುಗಿದ ಮೇಲೆ ಹೊಲದ ಇಲಿಗಳಿಗೆ ಬೆಚ್ಚಗಿನ ಎಂಜಿನ್ನೇ ಮನೆ. ಜೋಳದ ರವದಿ, ಹತ್ತಿ, ಹಿಕ್ಕೆ ಕಂಡರೆ ಒಣಗಿದ್ದಂತೆಯೇ ಝಾಡಿಸಬೇಡಿ, ಸಾಬೂನು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿ, ಗವುಸು ಹಾಕಿಯೇ ತೆಗೆಯಿರಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಕೈಯಲ್ಲಿ ಗಾಯವಿದ್ದರೆ ಇನ್ನೂ ಎಚ್ಚರ. ಎಲ್ಲಾದರೂ ತಾಮ್ರದ ಎಳೆ ಹೊರಗೆ ಕಂಡಿತೋ, ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಟೇಪ್ ಸುತ್ತಿ ಬನಶಂಕರಿ ಜಾತ್ರೆಗೆ ಹೊರಡುವ ಧೈರ್ಯ ಬೇಡ. ವಿದ್ಯುತ್ ಕಾರು, ಹೈಬ್ರಿಡ್ ಕಾರು ಇರುವವರು ಕಿತ್ತಳೆ ಬಣ್ಣದ ವೈರುಗಳ ತಂಟೆಗೆ ಹೋಗಲೇಬಾರದು. ಅಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜು. ಆ ಕಾರುಗಳ ಬಾನೆಟ್ ಒಳಗಿನ ಕೆಲಸ ಕಂಪನಿಯವರಿಗೇ ಇರಲಿ.

ಮುಗಿಯಿತೇ? ಅರಿವೆ ಎಣಿಸಿ. ಎಷ್ಟು ಒಯ್ದಿದ್ದಿರೋ ಅಷ್ಟೂ ಹೊರಗೆ ಬರಬೇಕು. ಸೈಲೆನ್ಸರ್ ಪೈಪಿನ ಬಳಿ ಮರೆತ ಒಂದು ತುಂಡು ಸಾಕು, ಬೆಂಕಿಗೆ. ಎಣ್ಣೆ ಹಿಡಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆಯದೆ ಬಯಲಲ್ಲಿ ಹರವಿ ಒಣಗಿಸಿ ಬಿಸಾಡಿ, ಒಲೆಗೆ ಹಾಕಬೇಡಿ. ಬಾನೆಟ್ ಅರ್ಧ ಗಂಟೆ ತೆರೆದೇ ಇರಲಿ, ನಂತರ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿ ಸದ್ದು ಆಲಿಸಿ.

ಆ ರಾತ್ರಿ ಕಾರಿನ ಕೆಳಗೆ ಒಂದು ಹಳೇ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಬರೀ ನೀರಿನ ಕಲೆಯಿದ್ದರೆ ಎ.ಸಿ.ಯದ್ದು, ಚಿಂತೆಯಿಲ್ಲ. ಕಪ್ಪು, ಕಂದು ಎಣ್ಣೆಯಿದ್ದರೆ ಎಲ್ಲಿಂದ ಎಂದು ಈಗ ಶುಚಿಯಾದ ಎಂಜಿನ್ನಿನಲ್ಲಿ ಹುಡುಕುವುದು ಸುಲಭ. ಹಸಿರೋ ಗುಲಾಬಿಯೋ ಬಣ್ಣದ ಹನಿ ಕಂಡರೆ ಅದು ಕೂಲಂಟ್. ರುಚಿಗೆ ಸಿಹಿ, ಆದರೆ ವಿಷ. ಮಗು, ನಾಯಿ, ಬೆಕ್ಕು ಅತ್ತ ಸುಳಿಯುವ ಮೊದಲು ಒರೆಸಿ ತೆಗೆದು, ಅಂದೇ ಗ್ಯಾರೇಜಿಗೆ ಫೋನ್ ಮಾಡಿ.