ಗೂಟಕ್ಕೆ ಬೆಲೆ ಕಟ್ಟದ ಗಾಳಿಯಂತ್ರ

ಮನೆ ಬಳಕೆಯ ಒಂದು ಕಿಲೋವ್ಯಾಟ್ ಗಾಳಿಯಂತ್ರಕ್ಕೆ ಕೊಟೇಶನ್ ತರಿಸಿ ನೋಡಿ. ರೆಕ್ಕೆ ಯಾವ ಫೈಬರಿನದು, ಜನರೇಟರಿನ ಮ್ಯಾಗ್ನೆಟ್ ಎಂಥದು, ಇನ್ವರ್ಟರಿಗೆ ಎಷ್ಟು ವರ್ಷದ ವಾರಂಟಿ, ಎಲ್ಲಕ್ಕೂ ಒಂದೊಂದು ಸಾಲಿರುತ್ತದೆ. ಕೊನೆಗೆ ‘ಮಾಸ್ಟ್ ಮತ್ತು ಆಕ್ಸೆಸರೀಸ್’ ಎಂಬ ಒಂದು ಸಾಲು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಿವಿಲ್ ಕೆಲಸ ಗಿರಾಕಿಯದು’. ಆಕ್ಸೆಸರೀಸ್ ಎಂದರೆ ಗೈ ವೈರು, ಟರ್ನ್‌ಬಕಲ್ಲು, ಕ್ಲಿಪ್ಪು. ಸಿವಿಲ್ ಕೆಲಸ ಎಂದರೆ ಆ ತಂತಿಗಳನ್ನು ನೆಲಕ್ಕೆ ಹಿಡಿದಿಡುವ ಆಂಕರು. ಇಡೀ ಯಂತ್ರ ನೆಟ್ಟಗೆ ನಿಂತಿರುವುದು ಇವುಗಳಿಂದ. ಮಾರುವವರೂ ಕೊಳ್ಳುವವರೂ ಚೌಕಾಸಿ ಮಾಡುವುದು ಉಳಿದೆಲ್ಲದರ ಬಗ್ಗೆ.

(ಈ ‘ಗೈ’ಗೂ ಇಂಗ್ಲಿಷಿನವರು ಗೆಳೆಯನನ್ನು ಕರೆಯುವ ‘ಗೈ’ಗೂ ಸಂಬಂಧವಿಲ್ಲ. ಇದು ಹಡಗಿನವರ ಹಗ್ಗದ ಮಾತು, ‘ಗೈಡ್’ ಪದದ ನೆಂಟ. ನಮ್ಮ ಲೈನ್‌ಮನ್‌ಗಳು ಸ್ಟೇ ವೈರ್ ಎನ್ನುತ್ತಾರೆ.) ಶಾಮಿಯಾನ ಹಾಕುವವರಿಗೆ ಅದು ಬರೀ ಹಗ್ಗ, ಗೂಟ. ಆದರೆ ಶಾಮಿಯಾನದವನು ಗಾಡಿಯಿಂದ ಇಳಿದ ಕೂಡಲೇ ನೆಲ ಒದ್ದು ನೋಡುತ್ತಾನೆ, ಗೂಟ ಹಿಡಿಯುತ್ತದೋ ಇಲ್ಲವೋ ಎಂದು. ಲಕ್ಷ ರೂಪಾಯಿ ದಾಟುವ ಯಂತ್ರ ಮಾರುವವರಿಂದ ಅಷ್ಟನ್ನಾದರೂ ನಿರೀಕ್ಷಿಸಬಾರದೇ?

‘ಇಷ್ಟು ಸಣ್ಣ ಯಂತ್ರಕ್ಕೆ ಅಷ್ಟೆಲ್ಲ ಯಾಕೆ’ ಎಂಬುದು ಅವರ ಸಿದ್ಧ ಉತ್ತರ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಇಂಥ ಯಂತ್ರಗಳು ಪೂರ್ತಿ ವಿದ್ಯುತ್ ಕೊಡುವುದು ಸೆಕೆಂಡಿಗೆ ಸುಮಾರು 12 ಮೀಟರ್ ಗಾಳಿಯಲ್ಲಿ. ಕಟ್ಟಡಗಳ ಲೆಕ್ಕಕ್ಕೆಂದು ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಕೊಡುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಪುಣೆಗೆ 39, ಮುಂಬೈ ಮತ್ತು ಹೈದರಾಬಾದಿಗೆ 44, ದೆಹಲಿಗೆ 47, ಚೆನ್ನೈಗೆ 50. ಹನ್ನೆರಡರಿಂದ ನಲವತ್ತನಾಲ್ಕಕ್ಕೆ ಹೋದರೆ ಒತ್ತಡ 13 ಪಟ್ಟು ಮೀರುತ್ತದೆ. ಬೆಂಗಳೂರಿನಲ್ಲಿ ನಿಂತಿದೆ ಎಂದು ಅದೇ ತಂತಿ, ಅದೇ ಗೂಟವನ್ನು ಚೆನ್ನೈಯಲ್ಲಿ ಹಾಕಿದರೆ ಅದು ತಡೆಯಬೇಕಾದ ಒತ್ತಡ ಸುಮಾರು 2.3 ಪಟ್ಟು. ಬಿರುಗಾಳಿಯಲ್ಲಿ ಯಂತ್ರ ತಾನೇ ಮುಖ ಓರೆ ಮಾಡಿಕೊಳ್ಳುತ್ತದೆ, ನಿಜ. ಬಾಲದ ಕೀಲು ತುಕ್ಕು ಹಿಡಿದಿರದಿದ್ದರೆ.

ತಂತಿಯ ಓರೆಯ ವಿಷಯ ಇನ್ನೂ ಕೆಟ್ಟದ್ದು. 12 ಮೀಟರ್ ಎತ್ತರದಲ್ಲಿ ತಂತಿ ಕಟ್ಟಿದೆ, ಅಲ್ಲಿ ಅಡ್ಡಕ್ಕೆ 300 ಕಿಲೋ ಎಳೆತ ಬಿದ್ದಿದೆ, ಒಂದೇ ತಂತಿ ಅದನ್ನು ತಡೆಯುತ್ತಿದೆ ಎಂದುಕೊಳ್ಳಿ. ಆಂಕರು ಬುಡದಿಂದ 12 ಮೀಟರ್ ದೂರದಲ್ಲಿದ್ದರೆ, ಅಂದರೆ ತಂತಿ 45 ಡಿಗ್ರಿಯಲ್ಲಿದ್ದರೆ, ಅದರ ಮೇಲಿನ ಬಿಗಿ ಸುಮಾರು 425 ಕಿಲೋ. ಆಂಕರನ್ನು 7 ಮೀಟರಿಗೆ ತಂದರೆ 600 ಕಿಲೋ. ಜಾಗವಿಲ್ಲವೆಂದು 3 ಮೀಟರ್ ಚಿಲ್ಲರೆಗೆ ತಂದರೆ 1150 ಕಿಲೋ ದಾಟುತ್ತದೆ. ಗಾಳಿ ಅದೇ, ಯಂತ್ರ ಅದೇ. ಆಂಕರನ್ನು ಮೇಲಕ್ಕೆ ಕೀಳುವ ಬಲವೂ 300 ಕಿಲೋದಿಂದ 1100 ದಾಟಿ ಹೋಗುತ್ತದೆ. ಉದ್ದ ಅಗಲ ಎತ್ತರ ಅರ್ಧರ್ಧ ಮೀಟರಿನ ಕಾಂಕ್ರೀಟ್ ದಿಮ್ಮಿಯ ತೂಕ ಸುಮಾರು 300 ಕಿಲೋ. ನೆಲದ ಮೇಲೆ ಸುಮ್ಮನೆ ಇಟ್ಟ ಅಂಥ ದಿಮ್ಮಿ 45 ಡಿಗ್ರಿಯ ತಂತಿಗೇ ಸಾಲದು. ಆದರೂ ಊರೊಳಗಿನ ತಾರಸಿಗಳಲ್ಲಿ ತಂತಿಯನ್ನು ಇಟ್ಟಿಗೆಯ ಪ್ಯಾರಪೆಟ್ಟಿಗೆ ಹುಕ್ಕು ಹೊಡೆದು ಕಟ್ಟುತ್ತಾರೆ. ಪ್ಯಾರಪೆಟ್ಟು ಇರುವುದು ಮಕ್ಕಳು ಬೀಳದಿರಲಿ ಎಂದು.

ಜಾಗವಿಲ್ಲದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸರಳ: ಗಾಳಿಯಂತ್ರ ಹಾಕಬಾರದು. ಸುತ್ತ ಕಟ್ಟಡಗಳಿರುವ ತಾರಸಿಯ ಮೇಲೆ ಗಾಳಿ ಸುಳಿಸುಳಿಯಾಗಿ ಬರುತ್ತದೆ, ಯಂತ್ರಕ್ಕೂ ಅದು ಒಳ್ಳೆಯದಲ್ಲ, ವಿದ್ಯುತ್ತೂ ಹುಟ್ಟುವುದಿಲ್ಲ. ಸೋಲಾರ್ ಪ್ಯಾನೆಲ್ ಹಾಕಿಸಿಕೊಳ್ಳುವುದು ಮೇಲು.

ಹೊಲದಲ್ಲಿ ಜಾಗವಿದೆ, ಆದರೆ ಅಲ್ಲಿ ನೆಲದ ಲೆಕ್ಕ ಬೇರೆ. ವಿಜಯಪುರ, ಸೊಲ್ಲಾಪುರದ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮುಂಗಾರಿನ ಜೋರು ಗಾಳಿ ಬೀಸುವುದು ಅದು ನೆನೆದು ಮೆತ್ತಗಾದ ತಿಂಗಳುಗಳಲ್ಲೇ. ಏಪ್ರಿಲ್‌ನಲ್ಲಿ ಕಲ್ಲಿನಂತೆ ಹಿಡಿದಿದ್ದ ಆಂಕರನ್ನು ಜುಲೈಯಲ್ಲಿ ಯಾರು ಹೋಗಿ ನೋಡುತ್ತಾರೆ?

ಇನ್ನು ಕ್ಲಿಪ್ಪು. ತಂತಿಯನ್ನು ಆಂಕರಿನ ಕಣ್ಣಿಗೆ ಪೋಣಿಸಿ ಮರಳಿ ತಂದಾಗ ಪಕ್ಕಪಕ್ಕ ಎರಡು ಎಳೆ ಇರುತ್ತವೆ: ಭಾರ ಹೊರುವ ಉದ್ದದ್ದು, ಮಿಕ್ಕ ಗಿಡ್ಡ ತುದಿ. ಯು ಬೋಲ್ಟು ಗಿಡ್ಡ ತುದಿಯನ್ನು ಒತ್ತಬೇಕು, ಅದರ ಪಟ್ಟಿ ಭಾರದ ಎಳೆಯ ಮೇಲೆ ಕೂರಬೇಕು. ತಿರುಗಾಮುರುಗಾ ಹಾಕಿದರೆ ಬೋಲ್ಟೇ ಭಾರದ ಎಳೆಯನ್ನು ಜಜ್ಜುತ್ತದೆ. ಕೈಪಿಡಿಯಲ್ಲಿ ಇದೆಲ್ಲ ಚಿತ್ರಸಹಿತ ಇರುತ್ತದೆ, ಇಂಗ್ಲಿಷಿನಲ್ಲಿ. ಸ್ಪ್ಯಾನರ್ ಹಿಡಿದವನಿಗೆ ಅದನ್ನು ಅವನ ಭಾಷೆಯಲ್ಲಿ ಒಂದು ಪುಟ ಬರೆದುಕೊಡಲು ಆಗದ ಕಂಪನಿಗಳು ಜಾಹೀರಾತನ್ನು ಮಾತ್ರ ಐದಾರು ಭಾಷೆಗಳಲ್ಲಿ ಹಾಕುತ್ತವೆ.

ತಂತಿಯ ಕೆಲಸ ಬಲ್ಲವರ ಕೈಯಲ್ಲೂ ತಪ್ಪುತ್ತದೆ. ಪೋಲೆಂಡಿನ ಕೊನ್‌ಸ್ಟಾಂಟಿನೋವ್‌ನ ರೇಡಿಯೋ ಮಾಸ್ಟ್ 646 ಮೀಟರಿನದು, ಆಗ ಜಗತ್ತಿನ ಅತಿ ಎತ್ತರದ ನಿರ್ಮಾಣ. 1991ರ ಆಗಸ್ಟ್ 8ರಂದು ಅದರ ಗೈ ವೈರು ಬದಲಿಸುವಾಗ ಇಡೀ ಮಾಸ್ಟು ಕುಸಿಯಿತು. ಅಲ್ಲಿ ಯಾರೂ ಸಾಯಲಿಲ್ಲ. ಘಾಟ್ಕೋಪರಿನಲ್ಲಿ ಹಾಗಾಗಲಿಲ್ಲ. 2024ರ ಮೇ 13ರ ಬಿರುಗಾಳಿಗೆ ಅಲ್ಲಿನ ಭಾರಿ ಹೋರ್ಡಿಂಗು ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಜನ ಸತ್ತರು. ಅದು ತಂತಿ ಕಟ್ಟಿದ ಮಾಸ್ಟಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಗಾಳಿ ಕೇಳಿದ್ದು ಮಾತ್ರ ಅದೇ ಪ್ರಶ್ನೆ: ನೆಲದಲ್ಲಿ ಏನಿದೆ?

‘ಹೋದ ವರ್ಷ ಹಾಕಿದ್ದು ಇನ್ನೂ ನಿಂತಿದೆಯಲ್ಲ’ ಎಂಬ ಸಮಾಧಾನ ಉಳಿಯಿತು. ಮಾನಕದ ಆ ವೇಗ ಸರಾಸರಿ 50 ವರ್ಷಕ್ಕೊಮ್ಮೆ ಬರುವ ಗಾಳಿಯದು. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ 2. ಯಂತ್ರ 20 ವರ್ಷ ಬಾಳುತ್ತದೆಂದು ಮಾರುತ್ತಾರೆ. ಆ 20 ವರ್ಷದಲ್ಲಿ ಒಮ್ಮೆಯಾದರೂ ಬರುವ ಸಂಭವ ಮೂರರಲ್ಲೊಂದು. 12 ಮೀಟರಿನ ಮಾಸ್ಟು ಬಿದ್ದರೆ 12 ಮೀಟರ್ ದೂರಕ್ಕೆ ಬೀಳುತ್ತದೆ. ಪಕ್ಕದ ಮನೆಯವರು ಆ ಕೊಟೇಶನ್ನಿಗೆ ಸಹಿ ಹಾಕಿರುವುದಿಲ್ಲ.

ಹಾಗಾಗಿ ಆ ಕೊನೆಯ ಸಾಲನ್ನು ಬಿಡಿಸಿ ಬರೆಸಿಕೊಳ್ಳಬೇಕು: ತಂತಿ ಎಷ್ಟು ದಪ್ಪ, ಯಾವ ಓರೆ, ಆಂಕರು ಯಾವ ಮಣ್ಣಿನಲ್ಲಿ ಎಷ್ಟು ಆಳ, ಲೆಕ್ಕ ಹಿಡಿದ ಗಾಳಿವೇಗ ಎಷ್ಟು, ಪ್ರತಿ ಮುಂಗಾರಿಗೆ ಮೊದಲು ಟರ್ನ್‌ಬಕಲ್ಲು ಮತ್ತು ಕ್ಲಿಪ್ಪು ಬಿಗಿ ಮಾಡಲು ಯಾರು ಬರುತ್ತಾರೆ. ಬರೆದುಕೊಡಲು ಒಪ್ಪದವರಿಗೆ ಮುಂಗಡ ಕೊಡಬಾರದು.